ಅಂಗಡಿಯಲ್ಲಿ ಬೂದಿ, ಗೋಡೆಯ ಮೇಲೆ ನೀಲಿ

ಹದಿನೆಂಟು ವರ್ಷದಿಂದ ಬಾಗಲಕೋಟೆಯಲ್ಲಿ ಪೇಂಟಿಂಗ್ ಕೆಲಸ ಮಾಡುತ್ತಿದ್ದೇನೆ. ಮಂದಿಯ ಮನೆಗೆಲ್ಲ ಬಣ್ಣ ಆರಿಸಿಕೊಟ್ಟವನು ನನ್ನ ಮನೆಯಲ್ಲೇ ಮೋಸ ಹೋದೆ.

ನವನಗರದ ನಮ್ಮ ಮನೆಯ ನಡುಕೋಣೆಗೆ ಒಂದೇ ಕಿಟಕಿ, ಅದೂ ಉತ್ತರಕ್ಕೆ. ಒಂದು ಜನವರಿಯಲ್ಲಿ ಅದಕ್ಕೆ ಬೂದಿ ಬಣ್ಣ ಹೊಡೆಯೋಣ ಅಂತ ನಾನೂ ಹೆಂಡತಿಯೂ ಅಂಗಡಿಗೆ ಹೋದೆವು. ಅಲ್ಲಿಯ ಟ್ಯೂಬ್‌ಲೈಟಿನ ಕೆಳಗೆ ಆ ಶೇಡು ಥೇಟ್ ವಿಭೂತಿ ಗಟ್ಟಿಯ ಹಾಗೆ ಕಂಡಿತು. ಪುಟ್ಟಿ, ಪ್ರೈಮರ್ ಮುಗಿಸಿ ಎರಡು ಕೋಟ್ ಹೊಡೆದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕೋಣೆ ತುಂಬ ನೀಲಿ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕಲಸಿದಾಗ ಇರುತ್ತದಲ್ಲ, ಆ ನೀಲಿ.

"ಏನ್ರೀ ಇದು, ದವಾಖಾನಿ ಆತಲ್ಲರೀ" ಅಂದಳು ಹೆಂಡತಿ.

ಮೊದಲು ಡಬ್ಬಿಯ ಮೇಲೆ ಅನುಮಾನ ಬಂತು. ಮುಚ್ಚಳದ ಮೇಲಿನ ಚೀಟಿ ನೋಡಿದೆ, ಶೇಡ್ ನಂಬರ್ ಸರಿಯಾಗಿಯೇ ಇತ್ತು. ತಪ್ಪು ನನ್ನದು. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಆಗ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಬರುವುದೆಲ್ಲ ಆಕಾಶದ ಬೆಳಕು. ಅದು ನೀಲಿ ಬೆರೆತ ಬೆಳಕು. ಇನ್ನು ಬಿಳಿ ಬೇಸ್‌ಗೆ ಕಪ್ಪು ಹನಿಸಿ ಮಾಡಿದ ಬೂದಿ ತಾನೇ ಒಂದಿಷ್ಟು ನೀಲಿಗೆ ವಾಲಿರುತ್ತದೆ. ಎರಡೂ ಕೂಡಿದರೆ ಇನ್ನೇನಾಗಬೇಕು?

ಯಾವ ಬೂದಿ ಯಾವ ಬಣ್ಣಕ್ಕೆ ವಾಲುತ್ತದೆ ಅಂತ ಮೊದಲೇ ಗೊತ್ತಾಗಬೇಕಾದರೆ ಶೇಡ್ ಕಾರ್ಡನ್ನು, ಅಂದರೆ ಬಣ್ಣದ ಮಾದರಿ ಚೀಟಿಯನ್ನು, ಬಿಳಿ ಹಾಳೆಯ ಮೇಲಿಟ್ಟು ಹಗಲ ಬೆಳಕಿನಲ್ಲಿ ನೋಡಬೇಕು. ಕಾರ್ಡಿನಲ್ಲಿ ಅಕ್ಕಪಕ್ಕ ನಾಲ್ಕಾರು ಬೂದಿ ಇರುವಾಗ ಎಲ್ಲವೂ ಬೂದಿಯೇ. ಹಾಳೆಯ ಮೇಲೆ ಇಟ್ಟ ಕೂಡಲೇ ಒಂದು ನೀಲಿ, ಒಂದು ಹಸಿರು, ಒಂದು ನೇರಳೆ ಅಂತ ಬೇರೆ ಬೇರೆಯಾಗುತ್ತವೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಉತ್ತರದ ಬೆಳಕು ವರ್ಷವಿಡೀ ಒಂದೇ ಸಮ ಇರುತ್ತದೆ ಅಂತ ಒಳಾಂಗಣ ವಿನ್ಯಾಸದವರು ಹೇಳುವುದುಂಟು. ಅದು ದೂರದ ಉತ್ತರದ ಚಳಿ ದೇಶಗಳಿಗೆ ಬಹುಮಟ್ಟಿಗೆ ಸರಿ. ಬಾಗಲಕೋಟೆ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹುಟ್ಟುವುದೂ ಮುಳುಗುವುದೂ ಪೂರ್ವ ಪಶ್ಚಿಮದಿಂದ ಉತ್ತರಕ್ಕೆ ಸರಿದು. ಹಾಗಾಗಿ ಜನವರಿಯಲ್ಲಿ ನೀಲಿ ಕಾರಿದ ಅದೇ ಗೋಡೆಯ ಮೇಲೆ ಜೂನ್ ತಿಂಗಳಲ್ಲಿ ಬೆಳಿಗ್ಗೆ, ಸಂಜೆ ಓರೆಯಾಗಿ ಬಿಸಿಲು ಬಿತ್ತು. ಅಷ್ಟು ಹೊತ್ತು ಮಾತ್ರ ಅದು ಅಂಗಡಿಯಲ್ಲಿ ಕಂಡ ಬೂದಿ ಆಗಿತ್ತು! ಆರು ತಿಂಗಳು ಕಾದು ನೋಡಿದ್ದರ ಲಾಭ ಇದೊಂದೇ.

ಅಲ್ಲಿಂದ ಈಚೆಗೆ ಯಾರ ಮನೆಗೂ ಕಾರ್ಡ್ ತೋರಿಸಿ ಬಣ್ಣ ಒಪ್ಪಿಸುವುದಿಲ್ಲ. ಎರಡು ಅಡಿ ಚೌಕದ ಪ್ಲೈವುಡ್ ಹಲಗೆಗೆ ಗೋಡೆಗೆ ಹಾಕುವ ಪುಟ್ಟಿ, ಪ್ರೈಮರನ್ನೇ ಹಾಕಿ ಎರಡು ಕೋಟ್ ಹೊಡೆಯುತ್ತೇನೆ. ಸುತ್ತ ಎರಡು ಇಂಚು ಬಿಳಿ ಅಂಚು ಬಿಡುತ್ತೇನೆ. ಅಂಚು ಇಲ್ಲದಿದ್ದರೆ ಹಳೇ ಗೋಡೆಯ ಬಣ್ಣ ಪಕ್ಕದಲ್ಲೇ ನಿಂತು ಕಣ್ಣಿಗೆ ಸುಳ್ಳು ಹೇಳುತ್ತದೆ. ಒಂದು ದಿನ ಪೂರ್ತಿ ಒಣಗಬೇಕು. ಹಸಿ ಇಮಲ್ಷನ್ ಹಾಲು ಬೆರೆಸಿದಂತೆ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಆಮೇಲೆ ಹಲಗೆಯನ್ನು ಕಿಟಕಿಯ ಎದುರು, ಕಿಟಕಿಯ ಪಕ್ಕದ ಗೋಡೆಗೆ, ಮೂಲೆಗೆ ಅಂತ ಸರಿಸುತ್ತ ನೋಡುವುದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ರಾತ್ರಿ ಅವರ ಮನೆಯ ಬಲ್ಬನ್ನೇ ಹಚ್ಚಿ ನೋಡಬೇಕು, ಯಾಕೆಂದರೆ 3000 ಕೆಲ್ವಿನ್‌ನ ಹಳದಿ ಬೆಳಕಿನ ಎಲ್‌ಇಡಿಗೆ ಕೆನೆಯಾಗಿ ಕಂಡದ್ದು 6500 ಕೆಲ್ವಿನ್‌ನ ಬಿಳಿ ಬೆಳಕಿಗೆ ಸುಣ್ಣದ ಬಿಳಿ ಆಗಿಬಿಡುತ್ತದೆ.

ಪೂರ್ವದ ಅಡುಗೆಮನೆಗೆ ತಿಳಿ ಹಳದಿ ಕೇಳುವವರು ಜಾಸ್ತಿ. ಎಳೆ ಬಿಸಿಲಿಗೆ ಅದು ಅರಿಶಿನವೇ. ಇನ್ನೂ ಒಂದು ಮೆಟ್ಟಿಲು ತಿಳಿಯಾದ ಶೇಡ್ ಹಿಡಿಯಿರಿ ಅನ್ನುತ್ತೇನೆ. ಪಶ್ಚಿಮದ ಕೋಣೆಗೆ ಇಟ್ಟಿಗೆ ಕೆಂಪು ಬೇಡವೇ ಬೇಡ, ಸಂಜೆ ಐದಕ್ಕೆ ಒಳಗೆ ಕೂರಲಾಗುವುದಿಲ್ಲ.

ಬೆಳಕು ಕಿಟಕಿಯಿಂದ ಮಾತ್ರ ಬರುತ್ತದೆ ಅಂದುಕೊಂಡರೂ ಏಟು ತಿನ್ನುತ್ತೇವೆ. ನಮ್ಮ ಕಡೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸಿದ ಪಡಸಾಲೆಗಳಿವೆ. ಅಂಥ ಒಂದು ಮನೆಗೆ ಅಚ್ಚ ಬಿಳಿ ಹೊಡೆದೆ. ಹೊಸ್ತಿಲ ಬಿಸಿಲು ನೆಲಕ್ಕೆ ಬಡಿದು ಮೇಲೆದ್ದು, ಗೋಡೆಯ ಕೆಳಗಿನ ಮೂರು ಅಡಿ ಗುಲಾಬಿಯಾಯಿತು. "ಪ್ರೈಮರ್ ಕೆಟ್ಟೈತಿ ಅಣ್ಣಾರ" ಅಂದರು ಮನೆಯವರು. ನಾನು ಒಂದು ಬಿಳಿ ಚಾದರ ಕೇಳಿ ಇಸಿದುಕೊಂಡು ನೆಲಕ್ಕೆ ಹಾಸಿದೆ. ಗುಲಾಬಿ ಹೋಯಿತು. ಚಾದರ ಎತ್ತಿದೆ, ಮತ್ತೆ ಬಂತು. ಅಜ್ಜಿಯೊಬ್ಬರು ಎರಡು ಸಲ ಎತ್ತಿಸಿ ಹಾಸಿಸಿ ನೋಡಿದರು. ಸೈಟುಗಳು ಒತ್ತೊತ್ತಾಗಿರುವ ಕಡೆ ಎದುರು ಮನೆಯವರ ಹಸಿರು ಗೋಡೆಯೂ ಇದೇ ಆಟ ಆಡುತ್ತದೆ, ಅದಕ್ಕೆ ಚಾದರ ಹಾಸಲಾಗುವುದಿಲ್ಲ ಅಷ್ಟೇ.

ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ರಗಳೆ ಕಡಿಮೆ. ಬೆಳಕಿಂಡಿಯಿಂದ ಮೇಲಿನಿಂದಲೇ ಬೆಳಕು, ಗೋಡೆಗೆಲ್ಲ ಸುಣ್ಣ.

ನಡುಕೋಣೆಗೆ ಕೊನೆಗೆ ಮರಳಿನ ಕಡೆ ವಾಲುವ ಬೂದಿ ಹಿಡಿದೆವು, ಒಳಗೆ ಸ್ವಲ್ಪ ಹಳದಿ, ಚಿಟಿಕೆ ಕೆಂಪು ಇರುವಂಥದ್ದು. ಹಲಗೆಯನ್ನು ಮಂಚದ ತಲೆಯ ಹತ್ತಿರ ನಾಲ್ಕು ದಿನ ಒರಗಿಸಿಟ್ಟು ಹೆಂಡತಿಯೇ ಒಪ್ಪಿದಳು. ಚಳಿಗಾಲದಲ್ಲಿ ಈಗ ವಿಭೂತಿ ಬಣ್ಣವೇ ಕಾಣುತ್ತದೆ. ಜೂನ್ ಸಂಜೆ ಆರರ ಸುಮಾರಿಗೆ ಮಾತ್ರ ಒಂದಿಷ್ಟು ಹೊತ್ತು ಹಳದಿ ಜಾಸ್ತಿ. ಆಗ ಅವಳು ಎದ್ದು ಹೋಗಿ ಪರದೆ ಎಳೆಯುತ್ತಾಳೆ.