ಹೂವಿನ ಬೆಲೆಯನ್ನು ದಿನಕ್ಕೆ ಭಾಗಿಸಿ ನೋಡಿ

ಈಚೆಗೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದ ಸೊಸೆ, ದೇವರಿಗೆಂದು ತಂದ ಎರಡು ಮಾರು ಸೇವಂತಿಗೆಯ ಜೊತೆ ಪೇಪರಿನಲ್ಲಿ ಸುತ್ತಿದ ಮೂರು ಕೆಂಪು ಆಂಥೂರಿಯಂ ಹೂವನ್ನೂ ಚೀಲದಿಂದ ತೆಗೆದಿಟ್ಟಳು. ಬೆಲೆ ಹೇಳುವಾಗ ದನಿ ಸಣ್ಣಗಾಯಿತು. "ದುಂದು ಮಾಡಿದೆ ಅಂತ ಬೈಬೇಡಿ ಅತ್ತೆ" ಅಂದಳು. "ಬೈಯೋದು ಯಾಕೆ ಮಾರಾಯ್ತಿ, ಮೊದಲು ನೀರಿಗೆ ಇಡು" ಅಂದೆ. ಆ ಮೂರು ಹೂ ನಮ್ಮ ನಡುಮನೆಯಲ್ಲಿ 18 ದಿನ ನಿಂತವು.

ದೇವರಿಗೆ ಏರಿಸುವ ಹೂವಿಗೆ ನಾನು ಲೆಕ್ಕ ಹಾಕುವುದಿಲ್ಲ. ಮನೆಯ ಅಂದಕ್ಕೆ ತರುವ ಹೂವಿಗೆ ಹಾಕುತ್ತೇನೆ. ಕೊಟ್ಟ ದುಡ್ಡನ್ನು ಹೂ ನಿಲ್ಲುವ ದಿನಕ್ಕೆ ಭಾಗಿಸಿ ನೋಡಿ. 60 ರೂಪಾಯಿ ಕೊಟ್ಟ ಹೂ 20 ದಿನ ನಿಂತರೆ ದಿನಕ್ಕೆ 3 ರೂಪಾಯಿ. 25 ರೂಪಾಯಿಯ ಗುಲಾಬಿ ಐದು ದಿನಕ್ಕೆ ಕತ್ತು ಬಗ್ಗಿಸಿದರೆ ದಿನಕ್ಕೆ 5 ರೂಪಾಯಿ ಆಯಿತು. ಆಂಥೂರಿಯಂ, ಅಂಗಡಿಯಲ್ಲಿ ಸಿಗುವ ನೇರಳೆ ಬಣ್ಣದ ಡೆಂಡ್ರೋಬಿಯಂ ಆರ್ಕಿಡ್, ಇವೆರಡೂ ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವಾರ ಬಾಳುತ್ತವೆ. ಅವನ್ನು ಕಟ್ಟುಗಟ್ಟಲೆ ತರಬೇಕಾಗಿಯೂ ಇಲ್ಲ. ತಾಮ್ರದ ಚೊಂಬಿನಲ್ಲಿ ಒಂದೇ ಒಂದು ಕಡ್ಡಿ, ಪಕ್ಕಕ್ಕೆ ಹಿತ್ತಲಿನ ಎರಡು ಜರಿಗಿಡದ ಎಲೆ ಸಾಕು. ಪ್ಲಾಸ್ಟಿಕ್ ಸುತ್ತಿ, ಕಡ್ಡಿಯನ್ನು ಗಿಡ್ಡ ಮಾಡಿ ಸ್ಪಂಜಿಗೆ ಚುಚ್ಚಿದ ಬೊಕ್ಕೆಗೆ ಮಾತ್ರ ನಾನು ದುಡ್ಡು ಕೊಡುವುದಿಲ್ಲ.

ಕೊಳ್ಳುವಾಗ ಆಂಥೂರಿಯಂನ ನಡುವಿನ ತೆನೆಯನ್ನು ನೋಡಿ. ಅದು ಬುಡದಿಂದ ಮೇಲಕ್ಕೆ ಬಲಿಯುತ್ತಾ ಬಣ್ಣ ತಿರುಗುತ್ತದೆ. ಅರ್ಧದಷ್ಟಾದರೂ ಬಲಿತಿದ್ದರೆ ಹೂ ಗಟ್ಟಿ. ತೀರ ಎಳೆಯದು ಬೇಗ ಬಾಡುತ್ತದೆ. ಆರ್ಕಿಡ್‌ನಲ್ಲಿ ಹೆಚ್ಚಿನ ಹೂ ಅರಳಿದ್ದು, ತುದಿಯಲ್ಲಿ ಒಂದೆರಡು ಮೊಗ್ಗು ಇರುವ ಕಡ್ಡಿ ಆರಿಸಿ. ಬರೀ ಮೊಗ್ಗಿದ್ದರೆ ಅಷ್ಟೂ ಅರಳುತ್ತವೆಂಬ ಭರವಸೆ ಇಲ್ಲ. ಗ್ಲಾಡಿಯೋಲಸ್‌ನದು ಇದಕ್ಕೆ ತಿರುಗುಮುರುಗು: ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದ್ದರೆ ಸಾಕು, ಉಳಿದವು ಮನೆಯಲ್ಲೇ ಒಂದೊಂದಾಗಿ ಬಿಚ್ಚುತ್ತವೆ. ಹಕ್ಕಿಯ ಕೊಕ್ಕಿನಂತಿರುವ ಬರ್ಡ್ ಆಫ್ ಪ್ಯಾರಡೈಸ್ ದುಬಾರಿ ಅನ್ನಿಸಿದರೂ ಆ ಕೊಕ್ಕಿನೊಳಗೆ ಇನ್ನೂ ಹೂಗಳು ಅಡಗಿರುತ್ತವೆ. ಮೊದಲನೆಯದು ಬಾಡಿದಾಗ ಬೆರಳಿನಿಂದ ಮೆಲ್ಲಗೆ ಎತ್ತಿದರೆ ಎರಡನೆಯದು ಹೊರಗೆ ಬರುತ್ತದೆ. ಇದು ತಿಳಿಯದೆ ಎಷ್ಟೋ ಜನ ಅರ್ಧ ಆಯಸ್ಸಿನ ಹೂವನ್ನು ಗೊಬ್ಬರಗುಂಡಿಗೆ ಹಾಕುತ್ತಾರೆ.

ಆಂಥೂರಿಯಂ ಮೊದಲ ಸಲ ತಂದಾಗ ನಾನು ಮಲ್ಲಿಗೆಯ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದೆ. ಎರಡು ದಿನದಲ್ಲಿ ಅಂಚೆಲ್ಲ ಕಪ್ಪಾಯಿತು. ಅದು ಕೊಲಂಬಿಯಾ, ಈಕ್ವೆಡಾರ್ ಕಡೆಯ ಬೆಚ್ಚಗಿನ ಮಳೆಕಾಡಿನ ಗಿಡ, ಫ್ರಿಜ್ಜಿನ ಚಳಿ ತಡೆಯುವುದಿಲ್ಲ. ನಮ್ಮ ಮಳೆಗಾಲದ ತಂಪು, ಗಾಳಿಯಲ್ಲಿನ ತೇವ ಅದಕ್ಕೆ ಒಗ್ಗುತ್ತದೆ. ಬೇಸಗೆಯಲ್ಲಿ ಫ್ಯಾನಿನ ಕೆಳಗಿಟ್ಟರೆ ಅದೇ ಹೂ ಒಣಗುತ್ತದೆ.

ಕಡ್ಡಿಯ ತುದಿಯನ್ನು ಹರಿತವಾದ ಚಾಕುವಿನಲ್ಲಿ ಓರೆಯಾಗಿ ಒಂದಂಗುಲ ಕತ್ತರಿಸಿ. ನೀರಿನಲ್ಲಿ ಮುಳುಗುವ ಎಲೆ ತೆಗೆಯಿರಿ, ಕೊಳೆತರೆ ನೀರು ನಾರುತ್ತದೆ. ಎರಡು ದಿನಕ್ಕೊಮ್ಮೆ ಹೂದಾನಿಯ ಒಳಗೋಡೆಯ ಲೋಳೆ ಹೋಗುವಂತೆ ತಿಕ್ಕಿ ಬೇರೆ ನೀರು ಹಾಕಿ. ಜರ್ಬೆರಾಕ್ಕೆ ಎರಡಂಗುಲ ನೀರು ಸಾಕು, ಕಡ್ಡಿ ಪೂರಾ ಮುಳುಗಿಸಿದರೆ ಕೊಳೆಯುತ್ತದೆ. ನಮ್ಮ ಕಡೆ ಮನೆಯೊಳಗೇ ಬಾಳೆಗೊನೆ ತೂಗುಹಾಕಿ ಹಣ್ಣು ಮಾಡುತ್ತೇವಲ್ಲ, ಅದರ ಹತ್ತಿರ ಕಾರ್ನೇಶನ್, ಆರ್ಕಿಡ್ ಇಡಲೇಬೇಡಿ. ಹಣ್ಣಾಗುವ ಬಾಳೆಯಿಂದ ಎಥಿಲೀನ್ ಅನಿಲ ಬರುತ್ತದೆ, ಅದು ತಗುಲಿದರೆ ಹೂವಿಗೆ ಬೇಗ ಮುಪ್ಪು.

ಇನ್ನು ಲಿಲಿ. ಬೆಕ್ಕಿರುವ ಮನೆಗೆ ಲಿಲಿ ಬೇಡ, ಎಷ್ಟೇ ಚೆಂದವಿದ್ದರೂ ಬೇಡ. ಅದರ ಎಸಳು, ಪರಾಗ, ಹೂದಾನಿಯ ನೀರು ಯಾವುದು ಬೆಕ್ಕಿನ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಜೀವಕ್ಕೇ ಕುತ್ತು ಬರುತ್ತದೆ. ಮಲೆನಾಡಿನಲ್ಲಿ ಬೆಕ್ಕಿಲ್ಲದ ಮನೆ ಎಷ್ಟಿವೆ ಹೇಳಿ? ಬೆಕ್ಕಿಲ್ಲದವರು ತಂದರೆ ಅರಳಿದ ಕೂಡಲೇ ಕೇಸರ ಚಿವುಟಿಬಿಡಿ. ಪರಾಗ ಸೀರೆಗೆ ತಾಗಿದರೆ ಉಜ್ಜಬೇಡಿ, ನೀರೂ ಹಾಕಬೇಡಿ. ಅಂಟುಟೇಪನ್ನು ಒತ್ತಿ ಒತ್ತಿ ಎತ್ತಿದರೆ ಬರುತ್ತದೆ.

ಅಪರೂಪದ ಹೂ ಎಂದಾಗ ನನಗೆ ಸಂಕಟವಾಗುವುದು ಸೀತಾಳೆಯ ವಿಚಾರದಲ್ಲಿ. ಮಳೆ ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ಜಡೆಯಂತೆ ಇಳಿಬೀಳುವ ಆ ದಂಡೆಯನ್ನು ನಾವು ಹುಡುಗಿಯರಾಗಿದ್ದಾಗ ಮುಡಿಯುತ್ತಿದ್ದೆವು, ಹೂವನ್ನಷ್ಟೇ ಕೊಯ್ದು. ಈಗ ಬೇರುಸಹಿತ ಕಿತ್ತು ಮಾರುವವರಿದ್ದಾರೆ. ಅದೂ ಆರ್ಕಿಡ್ಡೇ. ಬೀಜದಿಂದ ಹುಟ್ಟಿ ಹೂ ಬಿಡಲು ಅದಕ್ಕೆ ವರ್ಷಗಳೇ ಬೇಕು. ಕಾಡಿನಿಂದ ಕಿತ್ತು ತಂದದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಕೊಳ್ಳಬೇಡಿ. ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಸಿಕ್ಕಿದರೆ ಅಂಗಳದ ಹಲಸಿನ ಮರಕ್ಕೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿ, ಬದುಕಿಕೊಳ್ಳುತ್ತದೆ.

ಕೆಲವೊಮ್ಮೆ ಬೆಲೆ ನಮ್ಮ ಕಣ್ಣಿಗೇ ಕಾಣುವುದಿಲ್ಲ. ಬೇಲಿಯ ಮೇಲೆ ಹಬ್ಬಿ ಬೆಂಕಿಯ ನಾಲಗೆಯ ಹಾಗೆ ಅರಳುವ ಗೌರಿ ಹೂವನ್ನು ಹೊರದೇಶಗಳ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಒಯ್ಯುತ್ತಾರೆ. (ಅದರ ಗೆಡ್ಡೆ ಭಾರಿ ವಿಷ, ಮಕ್ಕಳ ಕೈಗೆ ಸಿಗದಿರಲಿ.) ನಮ್ಮ ಅತ್ತೆ ಬಜಾರಿನ ಹೂವಿಗೆ ಒಂದು ರೂಪಾಯಿ ಬಿಚ್ಚಿದವರಲ್ಲ, ಆದರೆ ಮನೆಯಲ್ಲಿ ಮಂಟಪ ಕಟ್ಟಿದಾಗಲೆಲ್ಲ ತೋಟದಿಂದ ಅಡಿಕೆಯ ಸಿಂಗಾರ, ಅಂದರೆ ಹೂಗೊಂಚಲು, ಕೊಯ್ಯಿಸುತ್ತಿದ್ದರು. ಒಂದು ಸಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಹೋದ ಹಾಗೆ. ಅಡಿಕೆಯ ಧಾರಣೆ ಹಿಡಿದು ಹೇಳುವುದಾದರೆ ಸೊಸೆ ತಂದ ಆಂಥೂರಿಯಂ ಅದರ ಮುಂದೆ ಏನೂ ಅಲ್ಲ. ಅತ್ತೆಯನ್ನು ಯಾರೂ ದುಂದುಗಾರ್ತಿ ಅನ್ನಲಿಲ್ಲ. ಹಾಗಿರುವಾಗ ಸೊಸೆಯನ್ನು ನಾನು ಹೇಗೆ ಅನ್ನಲಿ?

ಆಂಥೂರಿಯಂ ಇಷ್ಟವಾದರೆ ಒಂದು ಗಿಡವನ್ನೇ ತನ್ನಿ. ಅಡಿಕೆ ತೋಟದ ನೆರಳಿನಲ್ಲಿ ಅದು ಸುಖವಾಗಿ ಬೆಳೆಯುತ್ತದೆ. ಬರೀ ಮಣ್ಣಿಗೆ ಹಾಕದೆ ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆಯ ಹೆಂಟೆ ಕೂಡಿಸಿ ಕುಂಡ ತುಂಬಿ, ನಮ್ಮ ಮಳೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ. ಬಲಿತ ಗಿಡದಲ್ಲಿ ಒಂದೊಂದು ಎಲೆಯ ಬುಡದಿಂದ ಒಂದೊಂದು ಹೂ ಬರುತ್ತದೆ. ಡೇರೆಯೂ (ಡೇಲಿಯಾ) ಒಂದು ಕಾಲಕ್ಕೆ ಮೆಕ್ಸಿಕೋದಿಂದ ಹೊರಟ ಹೂವೇ. ಗೆಡ್ಡೆ ಕೊಟ್ಟು ತೆಗೆದುಕೊಂಡು ಮಲೆನಾಡಿನ ಹೆಂಗಸರು ಅದನ್ನು ಮನೆ ಮನೆಯ ಅಂಗಳಕ್ಕೆ ಇಳಿಸಿಕೊಂಡರು.

ಶ್ರಾವಣದ ವರಮಹಾಲಕ್ಷ್ಮಿಯಿಂದ ಚೌತಿಯವರೆಗೆ ಮಾತ್ರ ಇಂಥ ಹೂ ತರಬೇಡ ಎಂದು ಸೊಸೆಗೆ ಹೇಳಿದ್ದೇನೆ. ಆಗ ಬಜಾರಿನಲ್ಲಿ ಎಲ್ಲ ಹೂವಿಗೂ ಬೆಲೆ ಏರಿರುತ್ತದೆ. ಅಂಗಳದಲ್ಲಿ ಡೇರೆ ಬಿಟ್ಟಿರುತ್ತದೆ, ಪೂರ್ತಿ ಅರಳಿದ್ದನ್ನೇ ನೋಡಿ ಬೆಳಗಿನ ತಂಪಿನಲ್ಲಿ ಕೊಯ್ದರಾಯಿತು. ಡೇರೆಯ ಮೊಗ್ಗು ಕೊಯ್ದ ಮೇಲೆ ಅರಳುವುದಿಲ್ಲ.