ಪಿಕಪ್‌ಗೆ ಎಷ್ಟು ಭಾರ ಹೇರಬಹುದು? ಲೆಕ್ಕ ಹಾಕುವುದು ಹೀಗೆ

ಪಿಕಪ್‌ನ ತೊಟ್ಟಿಗೆ ಒದ್ದೆ ಮರಳು ತುಂಬುತ್ತಿದ್ದೀರಿ ಅಂದುಕೊಳ್ಳಿ. ಮರಳು ಇನ್ನೂ ಒಂದು ಗೇಣು ಎತ್ತರಕ್ಕೆ ಬಂದಿಲ್ಲ. ಮೇಲೆ ಒಂದಡಿಗೂ ಜಾಸ್ತಿ ಜಾಗ ಖಾಲಿ ಇದೆ. ಸಲಿಕೆ ಹಿಡಿದವರಿಗೆ 'ಇನ್ನೂ ಅರ್ಧವೂ ಆಗಿಲ್ಲವಲ್ಲ' ಅನಿಸುವುದು ಸಹಜ. ಆದರೆ ಎಷ್ಟೋ ಗಾಡಿಗಳಲ್ಲಿ ಸಲಿಕೆ ಕೆಳಗಿಡಬೇಕಾದದ್ದು ಆಗಲೇ.

ಲೆಕ್ಕ ಸುಲಭ. ನಾಲ್ಕು ಬಾಗಿಲಿನ ಮಧ್ಯಮ ಗಾತ್ರದ ಪಿಕಪ್‌ನ ತೊಟ್ಟಿ ಸುಮಾರು 1.5 ಮೀಟರ್ ಉದ್ದ, 1.4 ಮೀಟರ್ ಅಗಲ, ಅರ್ಧ ಮೀಟರ್ ಆಳ ಇರುತ್ತದೆ. ಹೆಚ್ಚುಕಮ್ಮಿ ಒಂದು ಘನ ಮೀಟರ್ ಜಾಗ. ಒಂದು ಘನ ಮೀಟರ್ ಒದ್ದೆ ಮರಳು ಸುಮಾರು 1,900 ಕೆ.ಜಿ. ತೂಗುತ್ತದೆ. ಅಂಚಿನವರೆಗೆ ತುಂಬಿದರೆ 2 ಟನ್ ಹತ್ತಿರ ಬರುತ್ತದೆ. ಈ ವರ್ಗದಲ್ಲಿ ಗಟ್ಟಿಮುಟ್ಟಾದ ಗಾಡಿಗಳು ಹೊರುವುದೇ ಸುಮಾರು 1 ಟನ್. ಆ ಗೇಣಿಗೂ ಕಡಿಮೆ ಮರಳಿದೆಯಲ್ಲ, ಅದೇ 700 ಕೆ.ಜಿ.!

ತೊಟ್ಟಿಯಲ್ಲಿ ಹಿಡಿಸುವುದು ಬೇರೆ, ಗಾಡಿ ಹೊರುವುದು ಬೇರೆ. ಹತ್ತಿ ಮೂಟೆ ಹೇರುವಾಗ ಮೊದಲು ಜಾಗ ಮುಗಿಯುತ್ತದೆ. ಮರಳು, ಜಲ್ಲಿ, ಇಟ್ಟಿಗೆ, ನೀರು ಹೇರುವಾಗ ಮೊದಲು ಗಾಡಿಯ ಶಕ್ತಿ ಮುಗಿಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಕಣ್ಣಂದಾಜು ಬಿಟ್ಟು ಲೆಕ್ಕ ಹಿಡಿಯಬೇಕು.

ಮೊದಲು ಬಾಗಿಲು ತೆರೆಯಿರಿ

ಬಹಳಷ್ಟು ಗಾಡಿಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕರ್ ಅಥವಾ ಲೋಹದ ಫಲಕ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಬಾನೆಟ್ ಕೆಳಗೆ ಇರುತ್ತದೆ. ಅಲ್ಲಿ ಹುಡುಕಬೇಕಾದ ಮುಖ್ಯ ಸಂಖ್ಯೆ ಗಾಡಿಯ ಗರಿಷ್ಠ ಒಟ್ಟು ತೂಕ. ಗಾಡಿ, ಇಂಧನ, ಜನ, ಸರಕು ಎಲ್ಲ ಸೇರಿ ಇದನ್ನು ದಾಟುವ ಹಾಗಿಲ್ಲ. ಪಕ್ಕದಲ್ಲೇ ಮುಂದಿನ ಆಕ್ಸಲ್‌ಗೆ ಇಷ್ಟು, ಹಿಂದಿನ ಆಕ್ಸಲ್‌ಗೆ ಇಷ್ಟು ಅಂತ ಇನ್ನೆರಡು ಸಂಖ್ಯೆ ಇರುತ್ತವೆ. (ಆಕ್ಸಲ್ ಅಂದರೆ ಎಡಬಲದ ಗಾಲಿಗಳನ್ನು ಹೊತ್ತ ಅಚ್ಚು.) ಮೂರನ್ನೂ ಫೋಟೊ ತೆಗೆದುಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ.

ಗರಿಷ್ಠ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ಪೇಲೋಡ್, ಅಂದರೆ ಗಾಡಿ ಹೊರಬಲ್ಲ ಭಾರ. ಟೊಯೋಟಾ ಹೈಲಕ್ಸ್, ಫೋರ್ಡ್ ರೇಂಜರ್, ಇಸುಜು ಡಿ-ಮ್ಯಾಕ್ಸ್ ತರಹದ ಗಾಡಿಗಳಲ್ಲಿ ದುಡಿಮೆಗೆಂದು ಕಟ್ಟಿದ ಮಾದರಿಗಳಿಗೆ ಇದು ಸುಮಾರು 1 ಟನ್ ಬರುತ್ತದೆ. ಆರಾಮದ ಸವಾರಿಗೆಂದು ಮೆತ್ತನೆಯ ಸ್ಪ್ರಿಂಗ್ ಹಾಕಿದ ಮಾದರಿಗಳಲ್ಲಿ, ಅಮೆರಿಕದ ರಸ್ತೆಗಿಳಿಯುವ ಟೊಯೋಟಾ ಟಕೋಮಾದಂಥ ಗಾಡಿಗಳಲ್ಲಿ, 500ರಿಂದ 750 ಕೆ.ಜಿ. ಸಾಮಾನ್ಯ. ಒಂದೇ ಹೆಸರಿನ ಗಾಡಿಯಲ್ಲೂ ಎಂಜಿನ್, ಕ್ಯಾಬಿನ್, ಫೋರ್ ವೀಲ್ ಡ್ರೈವ್ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಜಾಹೀರಾತಿನ ಸಂಖ್ಯೆ, ಪಕ್ಕದ ಮನೆಯವರ ಗಾಡಿಯ ಸಂಖ್ಯೆ ಯಾವುದೂ ಬೇಡ. ನಿಮ್ಮ ಗಾಡಿಯ ಫಲಕದಲ್ಲಿ ಏನಿದೆಯೋ ಅದೇ ಲೆಕ್ಕ.

ಕೂರುವವರನ್ನೂ ಕಳೆಯಿರಿ

ಜಾಸ್ತಿ ಜನ ತಪ್ಪುವುದು ಇಲ್ಲೇ. ಪೇಲೋಡ್ ಅಂದರೆ ತೊಟ್ಟಿಗೆ ಹಾಕುವ ಸರಕು ಮಾತ್ರ ಅಂತ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಳಗೆ ಕೂರುವವರು, ಅವರ ಬ್ಯಾಗು, ಗಾಡಿ ಕೊಂಡ ಮೇಲೆ ಹಾಕಿಸಿದ ಪ್ರತಿಯೊಂದು ಕಬ್ಬಿಣ, ಎಲ್ಲವೂ ಅದರಲ್ಲೇ ಸೇರುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಗರಿಷ್ಠ ಒಟ್ಟು ತೂಕ 3,050 ಕೆ.ಜಿ., ಖಾಲಿ ಗಾಡಿ 2,050 ಕೆ.ಜಿ. ಉಳಿದದ್ದು 1,000 ಕೆ.ಜಿ. ಡ್ರೈವರ್ ಸೇರಿ ಐದು ಜನ ಹತ್ತಿದರು. ತಲಾ 75 ಕೆ.ಜಿ. ಅಂದರೂ 375. ಈಗ ಉಳಿದದ್ದು 625. ಮುಂದೆ ಸ್ಟೀಲ್ ಬಂಪರ್ 50, ತೊಟ್ಟಿಯ ಮೇಲಿನ ಮುಚ್ಚಳದ ಗೂಡು 90, ಟ್ರೇಲರ್ ಎಳೆಯುವ ಕೊಕ್ಕೆ 25. ಅಲ್ಲಿಗೆ 460ಕ್ಕೆ ಇಳಿಯಿತು. ಹಿಂದೆ 1,500 ಕೆ.ಜಿ.ಯ ಟ್ರೇಲರ್ ಸಿಕ್ಕಿಸಿದರೆ ಅದರ ಮೂತಿ ಸುಮಾರು ಹತ್ತನೇ ಒಂದು ಪಾಲನ್ನು ಕೊಕ್ಕೆಯ ಮೇಲೆ ಒತ್ತುತ್ತದೆ. ಅದು 150. ಕೊನೆಗೆ ತೊಟ್ಟಿಗೆ ಸಿಕ್ಕಿದ್ದು 310 ಕೆ.ಜಿ. 'ಒಂದು ಟನ್ ಗಾಡಿ' ಎಲ್ಲಿಂದ ಎಲ್ಲಿಗೆ ಬಂತು ನೋಡಿ! ಪೇಲೋಡ್ ಮೊದಲೇ 600 ಇರುವ ಗಾಡಿಯಾಗಿದ್ದರೆ ಇದೇ ಲೆಕ್ಕದಲ್ಲಿ ಏನೂ ಹೇರುವ ಮೊದಲೇ 90 ಕೆ.ಜಿ. ಮಿತಿ ಮೀರಿರುತ್ತಿತ್ತು.

ಇನ್ನೊಂದು ಮಾತು. ಖಾಲಿ ತೂಕ ಅನ್ನುವುದನ್ನು ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ. ಯುರೋಪಿನ ಒಂದು ಲೆಕ್ಕದಲ್ಲಿ 75 ಕೆ.ಜಿ.ಯ ಡ್ರೈವರ್ ಸೇರಿರುತ್ತಾನೆ, ಟ್ಯಾಂಕ್ 90% ತುಂಬಿರುತ್ತದೆ. ಬೇರೆ ಕಡೆ ಟ್ಯಾಂಕ್ ತುಂಬಿರುತ್ತದೆ, ಡ್ರೈವರ್ ಇರುವುದಿಲ್ಲ. 80 ಲೀಟರ್ ಡೀಸೆಲ್ ಅಂದರೆ ಸುಮಾರು 67 ಕೆ.ಜಿ. ಸಣ್ಣ ವಿಷಯವಲ್ಲ ಅಲ್ವಾ? ಕೈಪಿಡಿಯಲ್ಲಿ ಖಾಲಿ ತೂಕದ ಜೊತೆ ಏನು ಸೇರಿದೆ ಅಂತ ಓದಿಕೊಳ್ಳಿ.

ಒಮ್ಮೆ ವೇಬ್ರಿಡ್ಜ್ ಹತ್ತಿಸಿ

ವೇಬ್ರಿಡ್ಜ್ ಅಂದರೆ ಗಾಡಿಯನ್ನೇ ಹತ್ತಿಸಿ ತೂಗುವ ದೊಡ್ಡ ತಕ್ಕಡಿ. ಕಾಗದದ ಲೆಕ್ಕಕ್ಕಿಂತ ಇದು ನೂರು ಪಾಲು ಮೇಲು. ಟ್ಯಾಂಕ್ ತುಂಬಿಸಿ, ದಿನವೂ ಗಾಡಿಯಲ್ಲೇ ಇರುವ ಜಾಕಿ, ಹಗ್ಗ, ಉಪಕರಣದ ಪೆಟ್ಟಿಗೆ ಎಲ್ಲ ಇಟ್ಟುಕೊಂಡೇ ಹೋಗಿ. ಮೊದಲು ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿ ತೂಕ ಬರೆದುಕೊಳ್ಳಿ. ಆಮೇಲೆ ಪೂರ್ತಿ ಗಾಡಿ. ಕೊನೆಗೆ ಹಿಂದಿನ ಗಾಲಿಗಳಷ್ಟೇ. ಈ ಮೂರು ಸಂಖ್ಯೆ ಕೈಯಲ್ಲಿದ್ದರೆ ಫಲಕದ ಮೂರು ಸಂಖ್ಯೆಗಳ ಪಕ್ಕದಲ್ಲಿಟ್ಟು ಕಳೆದರೆ ಆಯಿತು. ಭಾರ ಹೇರಿದಾಗ ಒಟ್ಟು ತೂಕ ಮಿತಿಯೊಳಗೇ ಇದ್ದು, ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರಿರುವುದು ಪಿಕಪ್‌ಗಳಲ್ಲಿ ತೀರಾ ಸಾಮಾನ್ಯ. ಯಾಕೆ ಅನ್ನುವುದು ಮುಂದಿದೆ.

ಎಲ್ಲಿ ಇಡುತ್ತೀರಿ ಅನ್ನುವುದೂ ತೂಕವೇ

ಒಮ್ಮೆ ನೆಲಕ್ಕೆ ಹಾಸುವ ಟೈಲ್ಸ್ ಸಾಗಿಸುತ್ತಿದ್ದೆವು. ಒಟ್ಟು ತೂಕ ಮಿತಿಯೊಳಗೇ ಇತ್ತು. ಇಳಿಸಲು ಸುಲಭ ಅಂತ ಪೆಟ್ಟಿಗೆಗಳನ್ನೆಲ್ಲ ಹಿಂಬಾಗಿಲಿಗೆ ಒತ್ತಿಯೇ ಜೋಡಿಸಿದ್ದೆವು. ಮೊದಲ ತಿರುವಿನಲ್ಲೇ ಸ್ಟೀರಿಂಗ್ ಕೈಯಲ್ಲಿ ಹಗುರವಾಯಿತು. ತಿರುಗಿಸಿದೆ, ಗಾಡಿ ಒಂದು ಕ್ಷಣ ತಡವಾಗಿ ತಿರುಗಿತು. ಎದುರು ಯಾರೂ ಇರಲಿಲ್ಲ, ಪುಣ್ಯ. ಪಕ್ಕಕ್ಕೆ ನಿಲ್ಲಿಸಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಕ್ಯಾಬಿನ್ ಕಡೆಗೆ ಸರಿಸಿದೆವು. ಅದೇ ತೂಕ, ಅದೇ ರಸ್ತೆ. ಗಾಡಿ ಮತ್ತೆ ಹೇಳಿದ ಮಾತು ಕೇಳಿತು.

ಕಾರಣ ಇಷ್ಟೇ. ಹಿಂದಿನ ಆಕ್ಸಲ್ ಅನ್ನು ಸೀಸಾ ಹಲಗೆಯ ನಡುಗಂಬ ಅಂದುಕೊಳ್ಳಿ. ಅದರ ಹಿಂದೆ ಇಟ್ಟ ಭಾರ ಹಿಂದಕ್ಕೆ ಒತ್ತುವುದಷ್ಟೇ ಅಲ್ಲ, ಮೂತಿಯನ್ನು ಮೇಲಕ್ಕೆತ್ತುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್ ಅಂತರವಿದೆ ಅನ್ನಿ. 300 ಕೆ.ಜಿ.ಯನ್ನು ಹಿಂದಿನ ಆಕ್ಸಲ್‌ನಿಂದ 60 ಸೆಂಟಿಮೀಟರ್ ಹಿಂದೆ ಇಟ್ಟರೆ, ಮುಂದಿನ ಗಾಲಿಗಳ ಮೇಲಿನ ಭಾರ 60 ಕೆ.ಜಿ. ಕಡಿಮೆಯಾಗುತ್ತದೆ. ಆ 60 ಕೂಡ ಹಿಂದಕ್ಕೇ ಹೋಗುತ್ತದೆ. ಇಟ್ಟದ್ದು 300, ಹಿಂದಿನ ಆಕ್ಸಲ್ ಹೊತ್ತದ್ದು 360. ಟ್ರೇಲರ್ ಕೊಕ್ಕೆ ಇನ್ನೂ ಹಿಂದಕ್ಕಿರುತ್ತದೆ. ಆಕ್ಸಲ್‌ನಿಂದ 1.2 ಮೀಟರ್ ದೂರ ಅಂತ ಹಿಡಿದರೆ, ಅಲ್ಲಿ 150 ಕೆ.ಜಿ. ಒತ್ತಿದರೆ ಹಿಂದಿನ ಆಕ್ಸಲ್‌ಗೆ 210 ಬೀಳುತ್ತದೆ.

ತಿರುಗಿಸುವ ಕೆಲಸ ಪೂರ್ತಿ ಮುಂದಿನ ಗಾಲಿಗಳದ್ದು. ಬ್ರೇಕ್ ಹಾಕಿದಾಗಲೂ ಜಾಸ್ತಿ ಕೆಲಸ ಅವುಗಳದ್ದೇ. ಅವು ಹಗುರವಾದರೆ ಎರಡೂ ಕೆಡುತ್ತವೆ. ನಾಲ್ಕು ಬಾಗಿಲಿನ ಪಿಕಪ್‌ನಲ್ಲಿ ತೊಟ್ಟಿಯ ನಡುಭಾಗವೇ ಹಿಂದಿನ ಆಕ್ಸಲ್‌ನ ನೇರಕ್ಕೋ ಅದಕ್ಕಿಂತ ತುಸು ಹಿಂದಕ್ಕೋ ಬರುತ್ತದೆ. ಎರಡು ಬಾಗಿಲಿನ ಗಾಡಿಯಲ್ಲಿ ತೊಟ್ಟಿ ಉದ್ದ, ಹೆಚ್ಚು ಭಾಗ ಆಕ್ಸಲ್‌ನ ಮುಂದಿರುತ್ತದೆ. ನಿತ್ಯ ಭಾರ ಹೇರುವವರು ಎರಡು ಬಾಗಿಲಿನ ಗಾಡಿ ಇಷ್ಟಪಡುವುದು ಸುಮ್ನೆ ಅಲ್ಲ.

ಹಾಗಾಗಿ ಅತಿ ಭಾರದ್ದು ತೊಟ್ಟಿಯ ತಳದಲ್ಲಿ, ಕ್ಯಾಬಿನ್ ಗೋಡೆಗೆ ತಾಗಿಕೊಂಡು, ಎಡಬಲ ಸಮವಾಗಿ ಇರಲಿ. ಅದರ ಹಿಂದೆ, ಅದರ ಮೇಲೆ ಹಗುರದ್ದು. ಎತ್ತರಕ್ಕೆ ಹೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಜಾಸ್ತಿ. ಕ್ಯಾಬಿನ್ ಮೇಲಿನ ಕ್ಯಾರಿಯರ್‌ಗೆ ಬೇರೆಯೇ ಮಿತಿ ಇರುತ್ತದೆ, ಅದೂ ಬಹಳ ಕಡಿಮೆ. ಕ್ಯಾರಿಯರ್‌ನ ಸ್ವಂತ ತೂಕವೂ ಆ ಮಿತಿಯಲ್ಲಿ ಸೇರಿರುತ್ತದೆಯೇ ಅಂತ ಕೈಪಿಡಿ ನೋಡಿ.

ನೀರಿನ ಡ್ರಮ್ಮು ಸಾಗಿಸುವವರಿಗೆ ಒಂದು ಎಚ್ಚರಿಕೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಅಲೆಯುತ್ತದೆ. ಬ್ರೇಕ್ ಹಾಕಿದಾಗ ಅಷ್ಟೂ ನೀರು ಮುಂದಕ್ಕೆ ನುಗ್ಗುತ್ತದೆ. ದೊಡ್ಡ ಟ್ಯಾಂಕ್ ಒಂದರ ಬದಲು ಬಾಯಿವರೆಗೆ ತುಂಬಿದ ಸಣ್ಣ ಕ್ಯಾನುಗಳು ಎಷ್ಟೋ ಕ್ಷೇಮ.

ಟಯರ್ ಏನು ಹೇಳುತ್ತದೆ

ಟಯರ್‌ನ ಪಕ್ಕದ ಗೋಡೆಯಲ್ಲಿ 265/65 R17 112 ಅಂತ ಬರೆದಿದೆ ಅನ್ನಿ. ಕೊನೆಯ 112 ಆ ಟಯರ್ ಎಷ್ಟು ಹೊರುತ್ತದೆ ಅನ್ನುವುದರ ಗುರುತು. 112 ಅಂದರೆ 1,120 ಕೆ.ಜಿ. 110 ಅಂದರೆ 1,060. 104 ಅಂದರೆ 900. ಹಿಂದಿನ ಎರಡು ಟಯರ್ ಸೇರಿ ಹೊರುವ ಭಾರ ಹಿಂದಿನ ಆಕ್ಸಲ್‌ನ ಮಿತಿಗಿಂತ ಕಡಿಮೆ ಇರಕೂಡದು. ಚೆಂದ ಕಾಣುತ್ತದೆ ಅಂತ ಬೇರೆ ಟಯರ್ ಹಾಕಿಸುವಾಗ ಈ ಒಂದು ಸಂಖ್ಯೆ ಕೇಳದೆ ಬರಬೇಡಿ.

ಆ ಭಾರ ಹೊರುವುದೂ ಸರಿಯಾದ ಗಾಳಿ ಇದ್ದಾಗ ಮಾತ್ರ. ಭಾರ ಹೊತ್ತು ನಿಲ್ಲುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಗಾಳಿ ಕಡಿಮೆಯಾದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸಿಡಿಯುತ್ತದೆ. ತಯಾರಕರ ಪಟ್ಟಿಯಲ್ಲಿ ಪೂರ್ತಿ ಲೋಡ್‌ಗೆ ಬೇರೆ ಗಾಳಿ ಕೊಟ್ಟಿದ್ದರೆ ಹೇರುವ ಮೊದಲು ತಣ್ಣಗಿರುವ ಟಯರ್‌ಗೆ ಅಷ್ಟು ತುಂಬಿಸಿ. ಖಾಲಿಯಾದ ಮೇಲೆ ಮತ್ತೆ ಇಳಿಸಿ.

ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ಸಾಕಲ್ವಾ?

ಸಾಲದು. ಬಹಳಷ್ಟು ಪಿಕಪ್‌ಗಳ ಹಿಂಭಾಗದಲ್ಲಿ ಒಂದರ ಮೇಲೊಂದು ಜೋಡಿಸಿದ ಕಮಾನು ಪಟ್ಟಿಗಳಿರುತ್ತವೆ. ಇನ್ನೊಂದು ಪಟ್ಟಿ ಸೇರಿಸಿದರೆ, ಅಥವಾ ಗಾಳಿ ತುಂಬುವ ಚೀಲ ಹಾಕಿಸಿದರೆ, ಕುಸಿದ ಗಾಡಿ ಮೇಲೇಳುತ್ತದೆ ನಿಜ. ಆದರೆ ಬ್ರೇಕ್, ಆಕ್ಸಲ್, ಬೇರಿಂಗ್, ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು), ಟಯರ್ ಎಲ್ಲ ಹಳೆಯವೇ. ಮಿತಿಯನ್ನು ಇವೆಲ್ಲ ಸೇರಿಸಿ ಗೊತ್ತು ಮಾಡಿರುತ್ತಾರೆ. ಗಾಡಿ ನೆಟ್ಟಗೆ ನಿಂತಿತು ಅಂದರೆ ಭಾರ ಕಡಿಮೆಯಾಯಿತು ಅಂತಲ್ಲ. ಅದು ಕಾಣದ ಹಾಗಾಯಿತು, ಅಷ್ಟೇ. ನನಗೆ ಇದೇ ಹೆಚ್ಚು ಅಪಾಯ ಅನಿಸುತ್ತದೆ. ಅತಿಯಾಗಿ ಹೇರಿ, ಗಾಳಿ ಚೀಲದ ಮೇಲೆ ಓಡಿಸಿದ ಗಾಡಿಗಳ ಚಾಸಿ ಕ್ಯಾಬಿನ್ ಹಿಂದೆ ಬಾಗಿಹೋದ ಉದಾಹರಣೆಗಳಿವೆ. ಇದ್ದಷ್ಟು ಭಾರಕ್ಕೆ ಗಾಡಿಯನ್ನು ಸಮ ಮಾಡಲು ಅವನ್ನು ಬಳಸಿ. ಭಾರ ಹೆಚ್ಚಿಸಲು ಬೇಡ.

ಕಟ್ಟಿ, ನೋಡಿ, ಹೊರಡಿ

ಜೋರಾಗಿ ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ನುಗ್ಗುವ ಒತ್ತಡ ತನ್ನ ತೂಕದ ಶೇ 80ರಷ್ಟಾಗಬಹುದು. ಭಾರದ ವಾಹನಗಳ ನಿಯಮಗಳಲ್ಲಿ ಕಟ್ಟುವ ಲೆಕ್ಕಕ್ಕೆ ಹಿಡಿಯುವುದೂ ಇಷ್ಟನ್ನೇ. ಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧದಷ್ಟು. ಅಂದರೆ 200 ಕೆ.ಜಿ.ಯ ಯಂತ್ರ 160 ಕೆ.ಜಿ.ಯ ಬಲದಿಂದ ಕ್ಯಾಬಿನ್ ಕಡೆಗೆ ಬರುತ್ತದೆ. ಭಾರ ಕ್ಯಾಬಿನ್ ಗೋಡೆಗೆ ತಾಗಿಕೊಂಡೇ ಇದ್ದರೆ ಜಾರಿ ವೇಗ ಪಡೆಯಲು ಜಾಗವೇ ಇರುವುದಿಲ್ಲ. ಮೇಲೆ ರ‍್ಯಾಚೆಟ್ ಪಟ್ಟಿ (ಹಿಡಿ ಎಳೆದು ಬಿಗಿಯುವ ಪಟ್ಟಿ) ಬಿಗಿಯಿರಿ. ಚೂಪಾದ ಅಂಚಿಗೆ ಪಟ್ಟಿ ತಾಗುವಲ್ಲಿ ಹಳೆ ರಬ್ಬರ್ ತುಂಡು ಇಡಿ.

ಆಮೇಲೆ ಹತ್ತು ಹೆಜ್ಜೆ ದೂರ ಹೋಗಿ ಪಕ್ಕದಿಂದ ಗಾಡಿ ನೋಡಿ. ಹಿಂದೆ ಕುಸಿದು ಮೂತಿ ಎದ್ದಿದೆಯೇ? ಬಗ್ಗಿ ಹಿಂದಿನ ಆಕ್ಸಲ್ ನೋಡಿ. ಅದರ ಮೇಲ್ಗಡೆ ಚಾಸಿಗೆ ಅಂಟಿದ ರಬ್ಬರ್ ತಡೆ ಇರುತ್ತದೆ. ಅದಕ್ಕೂ ಆಕ್ಸಲ್‌ಗೂ ನಡುವೆ ಎರಡು ಬೆರಳೂ ತೂರುವುದಿಲ್ಲ ಅಂದರೆ ಮೊದಲ ಗುಂಡಿಯಲ್ಲೇ ಬಡಿಯುತ್ತದೆ. ರಾತ್ರಿಯಾದರೆ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬೆಳಕಿನ ಎತ್ತರ ತಗ್ಗಿಸುವ ಚಕ್ರ ಇದ್ದರೆ ತಿರುಗಿಸಿ.

ರಸ್ತೆಗಿಳಿದ ಮೇಲೆ ವೇಗ ನಿಮ್ಮ ಕೈಯಲ್ಲಿದೆ. ಭಾರ ಒಂದೂವರೆ ಪಟ್ಟಾದರೆ ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಬಿಸಿ ಒಂದೂವರೆ ಪಟ್ಟಾಗುತ್ತದೆ. ಅದರ ಮೇಲೆ ವೇಗ 60ರಿಂದ 80ಕ್ಕೆ ಏರಿದರೆ ಆ ಬಿಸಿ ಇನ್ನೂ ಮುಕ್ಕಾಲು ಪಾಲು ಹೆಚ್ಚುತ್ತದೆ. ಇಳಿಜಾರಿನಲ್ಲಿ ಕೆಳಗಿನ ಗೇರ್‌ಗೆ ಮೊದಲೇ ಇಳಿಸಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಮುಂದಿನ ಗಾಡಿಯಿಂದ ದಿನಕ್ಕಿಂತ ಎರಡು ಪಟ್ಟು ದೂರ ಇರಿ.

ಮೊದಲ ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ. ಪಟ್ಟಿಗಳು ಸಡಿಲಾಗಿರುತ್ತವೆ, ಮತ್ತೆ ಬಿಗಿಯಿರಿ. ನಾಲ್ಕೂ ಟಯರ್‌ಗಳ ಪಕ್ಕದ ಗೋಡೆಗೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಹಿಂದಿನ ಯಾವುದಾದರೂ ಟಯರ್ ಕೈ ಇಡಲಾಗದಷ್ಟು ಬಿಸಿಯಿದ್ದರೆ, ಬ್ರೇಕ್ ಸುಟ್ಟ ವಾಸನೆ ಬಂದರೆ, ಅಥವಾ ಇಷ್ಟು ದೂರವೂ ಸ್ಟೀರಿಂಗ್ ಹಗುರವಾಗಿತ್ತು ಅನಿಸಿದರೆ, ಅಲ್ಲಿಂದ ಮುಂದೆ ಹೋಗಬೇಡಿ. ಒಂದಿಷ್ಟನ್ನು ಅಲ್ಲೇ ಇಳಿಸಿ, ಯಾರನ್ನಾದರೂ ಕಾವಲಿಗೆ ನಿಲ್ಲಿಸಿ, ಎರಡನೇ ಟ್ರಿಪ್ ಹಾಕಿ.