ಬ್ಯಾರಲ್‌ನಲ್ಲಿ ಬ್ರೆಟ್ ಸೇರಿದೆಯೇ? ಏಪ್ರಿಲ್‌ನಲ್ಲೇ ನೋಡಿಬಿಡಿ

ನಾನು ಜತ್ತದ ಕಡೆಯವಳು. ಸೊಲ್ಲಾಪುರ ಜಿಲ್ಲೆಯ ಒಂದು ವೈನರಿಯ ಲ್ಯಾಬ್‌ನಲ್ಲಿ ಕೆಲಸ. ಕೆಂಪು ವೈನ್ ಕೆಡಿಸುವ ಯೀಸ್ಟ್‌ಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಬ್ರೆಟನೊಮೈಸಿಸ್. ಎಲ್ಲರೂ ಸುಮ್ನೆ ಬ್ರೆಟ್ ಅನ್ನುತ್ತೇವೆ. ಇದರ ಬಗ್ಗೆ ಓದಲು ಸಿಗುವುದರಲ್ಲಿ ಬಹುಪಾಲು ಫ್ರಾನ್ಸ್, ಅಮೆರಿಕದ ಲೆಕ್ಕ. ಅಲ್ಲಿ ಕಟಾವು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ವೈನ್ ಬ್ಯಾರಲ್‌ಗೆ ಇಳಿಯುವಾಗ ಚಳಿ ಬಂದಿರುತ್ತದೆ. ನಮ್ಮಲ್ಲಿ ಕಟಾವು ಮುಗಿಯುವುದು ಮಾರ್ಚ್‌ಗೆ. ಆಮೇಲೆ ಹೊರಗೆ 40 ಡಿಗ್ರಿ, ಜೊತೆಗೆ ಕರೆಂಟ್ ಕಾಟ, ಬ್ಯಾರಲ್ ಕೋಣೆ ತಂಪಾಗಿ ಉಳಿಯುವುದಿಲ್ಲ. ಬ್ರೆಟ್‌ಗೆ 25ರಿಂದ 30 ಡಿಗ್ರಿ ಬಹಳ ಹಿತ.

ಅದೇ ಹೊತ್ತಿಗೆ ಮ್ಯಾಲೋಲ್ಯಾಕ್ಟಿಕ್ ಹುದುಗುವಿಕೆ, ಅಂದರೆ ಬ್ಯಾಕ್ಟೀರಿಯಾ ವೈನಿನ ಚುರುಕು ಹುಳಿಯನ್ನು ಮೃದು ಮಾಡುವ ಕೆಲಸ, ನಡೆಯುತ್ತಿರುತ್ತದೆ. ಆ ಬ್ಯಾಕ್ಟೀರಿಯಾ ಸಾಯಬಾರದೆಂದು, ವೈನ್ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡ್ ಹಾಕಿರುವುದಿಲ್ಲ. ವೈನ್‌ಗೆ ರಕ್ಷಣೆಯೇ ಇಲ್ಲ, ಅಲ್ವಾ? ಅದಕ್ಕೇ ಏಪ್ರಿಲ್, ಮೇನಲ್ಲಿ ಎರಡು ವಾರಕ್ಕೊಮ್ಮೆ ಪ್ರತಿ ಬ್ಯಾರಲ್ ನೋಡಿ. ಮಳೆಗಾಲಕ್ಕೆ ನೋಡೋಣ ಅಂದರೆ ಕೈ ಮೀರಿರುತ್ತದೆ.

ಮೂಸುವುದರಿಂದ ಶುರು ಮಾಡಿ. ವೈನ್ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, 18–20 ಡಿಗ್ರಿಗೆ ಬರಲಿ. ಪಕ್ಕದಲ್ಲಿ ಅದೇ ಲಾಟಿನ, ಸ್ಟೀಲ್ ಟ್ಯಾಂಕಿನಲ್ಲೇ ಉಳಿದ ವೈನ್ ಇಟ್ಟುಕೊಳ್ಳಿ. ಮೊದಲು ಮಂಕಾಗುವುದು ಹಣ್ಣಿನ ಘಮ. ಶಿರಾಜ್ ದ್ರಾಕ್ಷಿಯ ವೈನ್‌ನಲ್ಲಿ ಕಪ್ಪು ಹಣ್ಣು, ಕರಿಮೆಣಸು ಇರಬೇಕು. ಅದರ ಜಾಗದಲ್ಲಿ ಗಾಯಕ್ಕೆ ಅಂಟಿಸುವ ಪಟ್ಟಿ, ಬೆವರಿದ ಕುದುರೆ, ಕೊಟ್ಟಿಗೆಯ ವಾಸನೆ ಬಂದರೆ ಅದು ಬ್ರೆಟ್ ಹುಟ್ಟಿಸುವ ರಾಸಾಯನಿಕ, 4-ಎಥೈಲ್‌ಫೀನಾಲ್. ಲವಂಗ, ಹೊಗೆ ಅನ್ನಿಸಿದರೆ ಬ್ರೆಟ್‌ದೇ ಇನ್ನೊಂದು, 4-ಎಥೈಲ್‌ಗ್ವಾಯಕಾಲ್ ಇರಬಹುದು. ಆದರೆ ಸುಟ್ಟ ಓಕ್ ಕೂಡ ಲವಂಗದ ವಾಸನೆ ಕೊಡುತ್ತದೆ, ಹೊಸ ಬ್ಯಾರಲ್‌ನಲ್ಲಿ ಅದೊಂದನ್ನೇ ನಂಬಬೇಡಿ. ಕೊಳೆತ ಮೊಟ್ಟೆಯ ವಾಸನೆ ಬ್ರೆಟ್‌ದಲ್ಲ, ಗಂಧಕದ್ದು. ಲೋಟಕ್ಕೆ ಶುಭ್ರವಾದ ತಾಮ್ರದ ತುಂಡು ಹಾಕಿ ಕಲಕಿ. ಗಂಧಕದ ವಾಸನೆ ಇಳಿಯುತ್ತದೆ, ಬ್ರೆಟ್‌ದು ಅಲ್ಲಾಡುವುದಿಲ್ಲ. ಆ ಲೋಟ ಚೆಲ್ಲಿಬಿಡಿ.

ಅರ್ಧ ತುಂಬಿದ ಟ್ಯಾಂಕಿನ ಮೇಲೆ ಬಿಳಿ ಪೊರೆ ಕಂಡರೆ ಅದು ಸಾಮಾನ್ಯವಾಗಿ ಬೇರೆ ಯೀಸ್ಟ್. ಹೆಚ್ಚಾಗಿ ಗಾಳಿ ತಾಗಿದ್ದರ ಫಲ.

4-ಎಥೈಲ್‌ಫೀನಾಲ್ ಲೀಟರ್‌ಗೆ ಸುಮಾರು 400ರಿಂದ 600 ಮೈಕ್ರೋಗ್ರಾಂ ಆದಾಗ ಮೂಗಿಗೆ ಸಿಗುತ್ತದೆ. ಅಷ್ಟರೊಳಗೆ ಯೀಸ್ಟ್ ಚೆನ್ನಾಗಿ ಬೆಳೆದಿರುತ್ತದೆ. ಆದ್ದರಿಂದ ವಾಸನೆ ಇಲ್ಲದಿದ್ದರೂ ಸ್ಯಾಂಪಲ್ ತೆಗೆಯಿರಿ. ಮೇಲಿನಿಂದಲ್ಲ, ತಳದ ಗಸಿಯ ಹತ್ತಿರದಿಂದ. ಬ್ರೆಟ್ ಅಲ್ಲಿ ಕೂತಿರುತ್ತದೆ. ಒಂದು ಬ್ಯಾರಲ್‌ನಿಂದ ಇನ್ನೊಂದಕ್ಕೆ ಹೋಗುವಾಗ ಕೊಳವೆಯನ್ನು ತೊಳೆದು 70% ಆಲ್ಕೋಹಾಲ್‌ನಲ್ಲಿ ಅದ್ದಿ. ಇಲ್ಲವಾದರೆ ಹುಡುಕಲು ಹೋದವರೇ ಹರಡಿದಂತೆ.

ಮೈಕ್ರೋಸ್ಕೋಪ್‌ನಲ್ಲಿ 400 ಪಟ್ಟು ಹಿಗ್ಗಿಸಿದರೆ ಕೆಲವು ಕೋಶಗಳ ಒಂದು ತುದಿ ಕಮಾನಿನಂತೆ ಚೂಪಾಗಿರುತ್ತದೆ. ಆದರೆ ಎಲ್ಲವೂ ಹಾಗಿರುವುದಿಲ್ಲ, ಆಕಾರ ನೋಡಿ ತೀರ್ಪು ಬೇಡ. ಪ್ಲೇಟ್ ಹಾಕಿ, ಅಂದರೆ ತಟ್ಟೆಯಲ್ಲಿ ಬೆಳೆಸಿ ನೋಡಿ. 100 ಮಿಲೀ ವೈನನ್ನು 0.45 ಮೈಕ್ರಾನ್ ಪೊರೆಯಲ್ಲಿ ಸೋಸಿ, ಪೊರೆಯನ್ನು ಸೈಕ್ಲೋಹೆಕ್ಸಿಮೈಡ್ ಪುಡಿ ಬೆರೆಸಿದ ಅಗಾರ್ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ) ಮೇಲಿಡಿ. ವೈನ್ ಮಾಡುವ ಮಾಮೂಲಿ ಯೀಸ್ಟ್ ಅದರಲ್ಲಿ ಬೆಳೆಯುವುದಿಲ್ಲ, ಬ್ರೆಟ್ ಬೆಳೆಯುತ್ತದೆ. ಆ ಪುಡಿ ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ. ಬ್ರೆಟ್ ನಿಧಾನ, ಕಾಲೊನಿ ಕಾಣಲು ವಾರಕ್ಕಿಂತ ಜಾಸ್ತಿ ಬೇಕಾಗಬಹುದು. ಮೂರನೇ ದಿನಕ್ಕೆ ಪ್ಲೇಟ್ ಎಸೆದು "ಏನೂ ಇಲ್ಲ" ಎಂದು ಬರೆಯುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಎರಡು ವಾರ ಕಾಯಿರಿ. ಬ್ರೆಟ್ 4-ಎಥೈಲ್‌ಫೀನಾಲ್ ಮಾಡಲು ಬಳಸುವ ಪಿ-ಕೂಮಾರಿಕ್ ಆಮ್ಲವನ್ನು ಅಗಾರ್‌ಗೆ ಸೇರಿಸಿದ್ದರೆ, ಮುಚ್ಚಳ ತುಸು ಎತ್ತಿದಾಗ ಅದೇ ಕೊಟ್ಟಿಗೆ ವಾಸನೆ ಬರುತ್ತದೆ.

ಸಲ್ಫರ್ ಡೈಆಕ್ಸೈಡ್ ಹಾಕಿದ ಮರುದಿನ ಪ್ಲೇಟ್ ಹಾಕಬೇಡಿ. ಪೆಟ್ಟು ತಿಂದ ಬ್ರೆಟ್ ಸಾಯದೆ, ಬೆಳೆಯದೆ ಸುಮ್ಮನಿರುತ್ತದೆ. ಸಲ್ಫರ್ ಡೈಆಕ್ಸೈಡ್ ಇಳಿದ ಮೇಲೆ ಮತ್ತೆ ಏಳುತ್ತದೆ. ತುರ್ತಿದ್ದರೆ ಪಿಸಿಆರ್ ಮಾಡಿಸಿ, ಡಿಎನ್‌ಎ ಹುಡುಕುವ ಪರೀಕ್ಷೆಗೆ ಬೆಳವಣಿಗೆ ಬೇಕಿಲ್ಲ. ಆದರೆ ಅದು ಸತ್ತ ಕೋಶವನ್ನೂ ಎಣಿಸಬಹುದು.

ಪಿಎಚ್ ಕೂಡ ಬರೆದಿಡಿ. ಬಿಸಿಲು ನಾಡಿನ ದ್ರಾಕ್ಷಿಯಲ್ಲಿ ಹುಳಿ ಕಡಿಮೆ, ಪಿಎಚ್ ಬೇಗ ಏರುತ್ತದೆ. ವೈನ್‌ನಲ್ಲಿ ಬೇರೇನಕ್ಕೂ ಅಂಟದೆ ಉಳಿದ ಸಲ್ಫರ್ ಡೈಆಕ್ಸೈಡ್ 'ಮುಕ್ತ', ಅದರಲ್ಲಿ ಯೀಸ್ಟನ್ನು ನಿಜಕ್ಕೂ ಕೊಲ್ಲುವ ಸಣ್ಣ ಪಾಲು 'ಆಣ್ವಿಕ'. ಬ್ರೆಟ್ ತಡೆಯಲು ಆಣ್ವಿಕ ಸಲ್ಫರ್ ಡೈಆಕ್ಸೈಡ್ ಲೀಟರ್‌ಗೆ 0.8 ಮಿಲಿಗ್ರಾಂ ಇರಲಿ ಅನ್ನುತ್ತಾರೆ. ಪಿಎಚ್ ಏರಿದಷ್ಟೂ ಆ ಪಾಲು ಇಳಿಯುತ್ತದೆ. ಪಿಎಚ್ 3.5 ಇದ್ದರೆ ಅದಕ್ಕೆ 40 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ ಸಾಕು, 3.8 ಇದ್ದರೆ ಸುಮಾರು 80 ಬೇಕು.

ಅನುಮಾನದ ಬ್ಯಾರಲ್‌ಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅದರ ಕೊಳವೆ, ಪೈಪು ಬೇರೆ ಇಡಿ. ಅದರ ವೈನನ್ನು ಬೇರೆ ಬ್ಯಾರಲ್ ತುಂಬಿಸಲು ಬಳಸಬೇಡಿ, ವರ್ಗಾಯಿಸುವಾಗ ಎಲ್ಲಕ್ಕಿಂತ ಕೊನೆಗೆ ಮುಟ್ಟಿ.